ಎನ್‌ಕೆ ಸೆಲ್ ಜಾಸ್ತಿ ಇದೆಯಂತೆ, ಅದಕ್ಕೇ ಗರ್ಭ ನಿಲ್ಲುತ್ತಿಲ್ಲವಾ?

2025ರ ಅಕ್ಟೋಬರ್‌ನಲ್ಲಿ ವೈದ್ಯಕೀಯ ನೊಬೆಲ್ ಬಂದಿದ್ದು ಮೇರಿ ಬ್ರಂಕೋ, ಫ್ರೆಡ್ ರಾಮ್ಸ್‌ಡೆಲ್ ಮತ್ತು ಶಿಮೊನ್ ಸಕಾಗುಚಿ ಅವರಿಗೆ. ಮೈಯನ್ನು ಕಾಯಬೇಕಾದ ಇಮ್ಯೂನ್ ಸೆಲ್‌ಗಳು ಮೈಮೇಲೆಯೇ ತಿರುಗಿ ಬೀಳದಂತೆ ತಡೆಯುವ ಒಂದು ಜಾತಿಯ ಕಣಗಳಿವೆ. ರೆಗ್ಯುಲೇಟರಿ ಟಿ ಸೆಲ್ ಅಂತ ಅವಕ್ಕೆ ಹೆಸರು. ಅವುಗಳ ಕೆಲಸವನ್ನು ಬಿಡಿಸಿ ತೋರಿಸಿದ್ದಕ್ಕೆ ಈ ಬಹುಮಾನ. ಬೇರೆ ತಳಿಯ ಗಂಡಿನಿಂದ ಬಸಿರಾದ ಹೆಣ್ಣಿಲಿಗಳಲ್ಲಿ ಈ ಕಣಗಳಿಲ್ಲದಿದ್ದರೆ ಗರ್ಭ ಉಳಿಯುವುದಿಲ್ಲ ಅಂತ 2004ರಲ್ಲೇ ಒಂದು ಪ್ರಯೋಗ ತೋರಿಸಿತ್ತು.

ಇಲ್ಲಿಂದ ಐವಿಎಫ್‌ಗೆ, ಅಂದರೆ ಲ್ಯಾಬಿನಲ್ಲಿ ಅಂಡ-ವೀರ್ಯ ಸೇರಿಸಿ ಭ್ರೂಣವನ್ನು ಗರ್ಭಕೋಶಕ್ಕೆ ಹಾಕುವ ಚಿಕಿತ್ಸೆಗೆ, ಒಂದೇ ಹೆಜ್ಜೆ. ಐವಿಎಫ್ ಮಾಡಿಸಿಕೊಳ್ಳುವ ಹೆಂಗಸರ ರಕ್ತದಲ್ಲಿ, ಗರ್ಭಕೋಶದಲ್ಲಿ ಇಮ್ಯೂನ್ ಸೆಲ್‌ಗಳು ಬದಲಾಗುತ್ತವೆ ಎಂಬ ಸಂಶೋಧನೆಗಳ ಸುದ್ದಿ ಆಗಾಗ ಬರುತ್ತಲೇ ಇರುತ್ತದೆ. ಇನ್ನೊಂದು ಕಡೆ 'ಎನ್‌ಕೆ ಸೆಲ್ ಹೈ' (ಎನ್‌ಕೆ ಅನ್ನುವುದು ಒಂದು ಬಗೆಯ ಇಮ್ಯೂನ್ ಸೆಲ್) ಅಂತ ರಿಪೋರ್ಟ್ ಹಿಡಿದು, ಇಮ್ಯೂನಿಟಿ ತಗ್ಗಿಸುವ ಸ್ಟೀರಾಯ್ಡ್ ಮಾತ್ರೆ ಮತ್ತು ಬಿಳಿ ಡ್ರಿಪ್ಪಿನ ಚೀಟಿ ಹಿಡಿದು ಹೊರಗೆ ಬರುವವರಿದ್ದಾರೆ. ಮತ್ತೊಂದು ಕಡೆ ಯುರೋಪಿನ ತಜ್ಞರ ಸಂಘವೇ 'ಇವು ಬೇಡ' ಅನ್ನುತ್ತಿದೆ. ಯಾವುದನ್ನು ನಂಬುವುದು?

ಚಿಕ್ಕ ಉತ್ತರ ಹೀಗಿದೆ. ಬದಲಾವಣೆ ಕಾಣುವುದು ನಿಜ. ಆದರೆ ಆ ಬದಲಾವಣೆಯೇ ಗರ್ಭ ನಿಲ್ಲದಿರಲು ಕಾರಣ ಅನ್ನುವುದು ಪೂರ್ತಿ ಬೇರೆ ಮಾತು. ಒಂದರಿಂದ ಇನ್ನೊಂದಕ್ಕೆ ಹಾರಿಬಿಟ್ಟಿದ್ದೇ ಗೊಂದಲದ ಮೂಲ. ಉದ್ದ ಉತ್ತರಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಅನುಮಾನ ಹುಟ್ಟಿದ್ದು 1953ರಲ್ಲಿ

ಬೇರೆಯವರ ಕಿಡ್ನಿ ಹಾಕಿದರೆ ಮೈ ಅದನ್ನು ತಳ್ಳಿಹಾಕುತ್ತದೆ, ಜೀವನಪೂರ್ತಿ ಇಮ್ಯೂನಿಟಿ ತಗ್ಗಿಸುವ ಮಾತ್ರೆ ನುಂಗಬೇಕು. ಹಾಗಿದ್ದಮೇಲೆ ಅರ್ಧ ಅಪ್ಪನ ಅಂಶ ಇರುವ ಮಗು ಒಂಬತ್ತು ತಿಂಗಳು ಅಮ್ಮನ ಹೊಟ್ಟೆಯಲ್ಲಿ ಹೇಗೆ ಉಳಿಯುತ್ತದೆ? ಬ್ರಿಟಿಷ್ ವಿಜ್ಞಾನಿ ಪೀಟರ್ ಮೆಡಾವರ್ 1953ರಲ್ಲಿ ಕೇಳಿದ ಪ್ರಶ್ನೆ ಇದು. ಮುಂದೆ 1960ರಲ್ಲಿ ಬೇರೆ ಕೆಲಸಕ್ಕೆ ಅವರಿಗೂ ನೊಬೆಲ್ ಬಂತು.

ಪ್ರಶ್ನೆ ಚೆನ್ನಾಗಿತ್ತು. ಆದರೆ ಅದರೊಳಗೆ ಒಂದು ಚಿತ್ರ ಅಡಗಿತ್ತು: ಭ್ರೂಣ ಅಂದರೆ ಪರಕೀಯ, ತಾಯಿಯ ಇಮ್ಯೂನಿಟಿ ಅಂದರೆ ಅದರ ಮೇಲೆ ಬೀಳಲು ಕಾಯುತ್ತಿರುವ ಸೈನ್ಯ. ಗರ್ಭ ನಿಂತರೆ ಸೈನ್ಯ ಮಲಗಿದೆ ಅಂತ ಅರ್ಥ, ಹೋದರೆ ಎದ್ದಿದೆ ಅಂತ ಅರ್ಥ. 'ಮೈ ಮಗುವನ್ನು ರಿಜೆಕ್ಟ್ ಮಾಡ್ತಿದೆ' ಅನ್ನುವ ಮಾತು ಇವತ್ತಿಗೂ ಓಡುತ್ತಿರುವುದು ಈ ಚಿತ್ರದ ಬಲದಿಂದಲೇ.

ಈ ಚಿತ್ರ ತಪ್ಪು ಅನ್ನುವುದಕ್ಕೆ ಐವಿಎಫ್ ವಾರ್ಡಿನಲ್ಲೇ ಸಾಕ್ಷಿ ಇದೆ. ದಾನಿಯ ಅಂಡ ಪಡೆದು ತಾಯಿಯಾಗುವವರನ್ನು ನೋಡಿ. ಆ ಭ್ರೂಣದಲ್ಲಿ ಅವರ ಅಂಶ ಒಂದು ಚೂರೂ ಇರುವುದಿಲ್ಲ. ಅರ್ಧ ಅಲ್ಲ, ಪೂರ್ತಿ ಪರರದ್ದು. ಬಾಡಿಗೆ ತಾಯ್ತನದಲ್ಲೂ ಅಷ್ಟೇ. 'ಹೊರಗಿನದ್ದು ಅಂತ ಮೈ ತಳ್ಳುತ್ತದೆ' ಅನ್ನುವುದು ಮುಖ್ಯ ಕಾರಣವಾಗಿದ್ದರೆ ಇಲ್ಲಿ ಗರ್ಭ ನಿಲ್ಲಲೇಬಾರದಿತ್ತು. ಆದರೆ ನಲವತ್ತು ದಾಟಿದವರಿಗೆ ತಮ್ಮದೇ ಅಂಡಕ್ಕಿಂತ ಎಳೆಯ ದಾನಿಯ ಅಂಡದಿಂದಲೇ ಗರ್ಭ ನಿಲ್ಲುವ ಸಾಧ್ಯತೆ ಜಾಸ್ತಿ. ಅಂದರೆ ಎಷ್ಟೋ ಸಲ ತೊಂದರೆ ಇರುವುದು ಅಂಡದ ವಯಸ್ಸಿನಲ್ಲಿ, ಭ್ರೂಣದ ಕ್ರೋಮೋಸೋಮಿನಲ್ಲಿ. ಮೊದಲ ಮೂರು ತಿಂಗಳಲ್ಲಿ ಹೋಗುವ ಗರ್ಭಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವಕ್ಕೆ ಕ್ರೋಮೋಸೋಮಿನ ಏರುಪೇರೇ ಕಾರಣ.

ಹಾಗಂತ ಇಮ್ಯೂನಿಟಿಗೆ ಇಲ್ಲಿ ಕೆಲಸವೇ ಇಲ್ಲ ಅಂತಲ್ಲ. ದಾನಿಯ ಅಂಡದಿಂದ ಬಸಿರಾದವರಲ್ಲಿ ಬಿಪಿ ಏರುವ ಪ್ರಿಎಕ್ಲಾಂಪ್ಸಿಯಾ ಹೆಚ್ಚು ಕಾಣುತ್ತದೆ. ತಾಯಿಯ ಕಣಕ್ಕೂ ಮಗುವಿನ ಕಣಕ್ಕೂ ಏನೋ ಮಾತುಕತೆ ನಡೆಯುತ್ತದೆ ಅನ್ನುವುದು ಖಚಿತ. ಅದು ಯುದ್ಧ ಅಲ್ಲ, ಅಷ್ಟೇ.

ಹೆಸರು ಮಾಡಿದ ಅನಾಹುತ

ಎನ್‌ಕೆ ಅಂದರೆ ನ್ಯಾಚುರಲ್ ಕಿಲ್ಲರ್. ಹುಟ್ಟಾ ಕೊಲೆಗಾರ! ಇಂಥ ಹೆಸರು ಕೇಳಿದ ಮೇಲೆ ಯಾರಿಗೆ ತಾನೇ ಭಯ ಆಗುವುದಿಲ್ಲ? ಈ ಹೆಸರು ಬಿದ್ದಿದ್ದು 1975ರಲ್ಲಿ. ಇಲಿಗಳಿಂದ ತೆಗೆದ ಕೆಲವು ಬಿಳಿಕಣಗಳು ಮುಂಚೆ ಯಾವ ಪರಿಚಯವೂ ಇಲ್ಲದೆ ಕ್ಯಾನ್ಸರ್ ಕಣಗಳನ್ನು ಕೊಂದಿದ್ದನ್ನು ಲ್ಯಾಬಿನಲ್ಲಿ ನೋಡಿ ಹಾಗೆ ಕರೆದರು.

ಆಮೇಲೆ ಗರ್ಭಕೋಶದ ಒಳಪದರದಲ್ಲೂ ಅದೇ ಕುಟುಂಬದ ಕಣಗಳು ಸಿಕ್ಕವು. ಅದೂ ಎಷ್ಟು? ಬಸಿರಿನ ಮೊದಲ ತಿಂಗಳುಗಳಲ್ಲಿ ಅಲ್ಲಿರುವ ಬಿಳಿಕಣಗಳಲ್ಲಿ ನೂರಕ್ಕೆ 70ರಷ್ಟು ಇವೇ. ಅವು ನಿಜಕ್ಕೂ ಕೊಲೆಗಾರರಾಗಿದ್ದರೆ ಭೂಮಿ ಮೇಲೆ ಒಂದು ಮಗುವೂ ಹುಟ್ಟುತ್ತಿರಲಿಲ್ಲ ಅಲ್ವಾ?

ಹಾಗಾದರೆ ಅವು ಅಲ್ಲಿ ಏನು ಮಾಡುತ್ತವೆ? ಮಗುವಿಗೆ ರಕ್ತ ಬರುವ ದಾರಿ ಅಗಲ ಮಾಡುವುದಕ್ಕೆ ನೆರವಾಗುತ್ತವೆ. ಗರ್ಭಕೋಶದ ಗೋಡೆಯಲ್ಲಿ ಸುರುಳಿ ಸುತ್ತಿಕೊಂಡ ಸಣ್ಣ ಸಣ್ಣ ರಕ್ತನಾಳಗಳಿವೆ. ಮಾಸು ಬೇರೂರಬೇಕಾದರೆ ಈ ನಾಳಗಳು ಸಡಿಲಗೊಂಡು ಅಗಲವಾಗಬೇಕು, ಇಲ್ಲದಿದ್ದರೆ ಮಗುವಿಗೆ ಸಾಕಷ್ಟು ರಕ್ತ ಸಿಗುವುದಿಲ್ಲ, ತಾಯಿಯ ಬಿಪಿ ಏರುತ್ತದೆ, ಮಗು ಸಣ್ಣದಾಗುತ್ತದೆ. ಎನ್‌ಕೆ ಕಣಗಳೇ ಇಲ್ಲದ ಇಲಿಗಳಲ್ಲಿ ಈ ನಾಳಗಳು ಅಗಲವಾಗುವುದೇ ಇಲ್ಲ ಎಂದು 1990ರ ದಶಕದಲ್ಲೇ ಗೊತ್ತಾಗಿತ್ತು. ಮನುಷ್ಯರಲ್ಲಿ ಕೇಂಬ್ರಿಜ್‌ನ ಆಶ್ಲಿ ಮಾಫೆಟ್ ಮತ್ತು ಜೊತೆಗಾರರು 2004ರಲ್ಲಿ ಇನ್ನೊಂದು ವಿಷಯ ತೋರಿಸಿದರು. ಈ ಕಣಗಳನ್ನು ಹೆಚ್ಚು ತಡೆದು ಹಿಡಿಯುವಂಥ ಒಂದು ಜೀನ್ ಜೋಡಣೆ ತಾಯಿ-ಮಗುವಿನ ನಡುವೆ ಇದ್ದಾಗ ಪ್ರಿಎಕ್ಲಾಂಪ್ಸಿಯಾ ಅಪಾಯ ಹೆಚ್ಚುತ್ತದೆ. ಅಂದರೆ ತೊಂದರೆ ಕಾಣಿಸಿದ್ದು ಎನ್‌ಕೆ ಕೆಲಸ ಜಾಸ್ತಿಯಾದಾಗ ಅಲ್ಲ, ಕಡಿಮೆಯಾದಾಗ. ಅವನ್ನು ತಗ್ಗಿಸುವ ಔಷಧಿ ಕೊಡುವ ಮುಂಚೆ ಈ ಒಂದು ವಿಷಯವನ್ನಾದರೂ ಯೋಚಿಸಬೇಕು ಅನ್ನುವುದು ಮಾಫೆಟ್ ಅವರಂಥವರ ಹಳೆಯ ತಕರಾರು.

ಐವಿಎಫ್ ಇಂಜೆಕ್ಷನ್ ಶುರುವಾದರೆ ಕಣಗಳು ಯಾಕೆ ಬದಲಾಗುತ್ತವೆ

ಇಮ್ಯೂನ್ ಸೆಲ್‌ಗಳು ಹಾರ್ಮೋನಿನ ಮಾತು ಕೇಳುತ್ತವೆ. ಮಾಮೂಲಿ ತಿಂಗಳಲ್ಲೇ ಇದು ನಡೆಯುತ್ತದೆ. ಅಂಡ ಬಿಡುಗಡೆಗೆ ಮುಂಚೆ ಗರ್ಭಕೋಶದ ಒಳಪದರದಲ್ಲಿ ಎನ್‌ಕೆ ಕಣ ಕಡಿಮೆ. ಬಿಡುಗಡೆಯಾದ ಮೇಲೆ ಪ್ರೊಜೆಸ್ಟರಾನ್ ಏರುತ್ತಿದ್ದಂತೆ ಭರಭರನೆ ಹೆಚ್ಚುತ್ತವೆ. ಗರ್ಭ ನಿಲ್ಲದಿದ್ದರೆ ಮುಟ್ಟಿನ ಜೊತೆ ಹೋಗಿಬಿಡುತ್ತವೆ.

ಈಗ ಐವಿಎಫ್‌ಗೆ ಬನ್ನಿ. ಒಂದು ಅಂಡ ಬೆಳೆಯುವ ಕಡೆ ಹತ್ತು, ಹನ್ನೆರಡು ಬೆಳೆಸಲು ಸುಮಾರು ಹತ್ತು ದಿನ ಇಂಜೆಕ್ಷನ್ ಕೊಡುತ್ತಾರೆ. ಈಸ್ಟ್ರೋಜನ್ ಮಾಮೂಲಿಗಿಂತ ಹಲವು ಪಟ್ಟು ಏರುತ್ತದೆ. ಅದರ ಮೇಲೆ ಅಂಡ ಹಣ್ಣಾಗಿಸುವ ಟ್ರಿಗರ್ ಇಂಜೆಕ್ಷನ್, ಅಂಡ ತೆಗೆಯುವಾಗ ಸೂಜಿಯ ಗಾಯ, ಆಮೇಲೆ ಪ್ರೊಜೆಸ್ಟರಾನ್. ಇಷ್ಟೆಲ್ಲ ಆದ ಮೇಲೂ ಬಿಳಿಕಣಗಳ ಲೆಕ್ಕ ಇದ್ದಂಗೇ ಇದ್ದರೆ ಅದೇ ಆಶ್ಚರ್ಯ. ಬಸಿರು ಹೆಂಗಸರ ರಕ್ತ ಪರೀಕ್ಷೆಯಲ್ಲಿ ಡಬ್ಲ್ಯೂಬಿಸಿ (ಬಿಳಿಕಣ) ಜಾಸ್ತಿ ಬಂದರೆ ಡಾಕ್ಟರು 'ಇದು ಮಾಮೂಲಿ' ಅನ್ನುತ್ತಾರಲ್ಲ, ಹಾಗೆಯೇ ಇದೂ.

ಆದ್ದರಿಂದ 'ಐವಿಎಫ್ ಮಾಡಿಸಿಕೊಂಡವರಲ್ಲಿ ಇಮ್ಯೂನ್ ಸೆಲ್ ಬದಲಾಗಿವೆ' ಅನ್ನುವ ಶೀರ್ಷಿಕೆ ಕಂಡರೆ ಮೊದಲು ಕೇಳಬೇಕಾದ್ದು: ಔಷಧಿಯಿಂದ ಬದಲಾದವಾ, ಮುಂಚೆಯೇ ಹಾಗಿದ್ದವಾ? ಗರ್ಭ ನಿಂತವರಲ್ಲೂ ಬದಲಾಗಿದ್ದವಾ? ಯಾವ ದಿನ ನೋಡಿದರು, ರಕ್ತದಲ್ಲಾ ಒಳಪದರದಲ್ಲಾ? ಇಂಥ ಅಧ್ಯಯನಗಳು ಬೇಕೇಬೇಕು, ಅವಿಲ್ಲದೆ ವಿಜ್ಞಾನ ಮುಂದೆ ಹೋಗುವುದಿಲ್ಲ. ಆದರೆ ಅವು ಹೇಳುವುದು 'ಇಲ್ಲಿ ಏನೋ ಆಗುತ್ತಿದೆ' ಅಂತ ಮಾತ್ರ. 'ಇದನ್ನು ಸರಿಮಾಡಿ' ಅಂತಲ್ಲ.

ರಿಪೋರ್ಟಿನ ಆ ಒಂದು ಸಾಲು

ಎನ್‌ಕೆ ಟೆಸ್ಟ್ ಅಂದರೆ ಹೆಚ್ಚಿನ ಕಡೆ ಕೈಯಿಂದ ತೆಗೆದ ರಕ್ತದ ಟೆಸ್ಟೇ. ಸಣ್ಣ ಟ್ಯೂಬಿನಲ್ಲಿ ಒಂದೆರಡು ಚಮಚೆಯೂ ಇಲ್ಲದಷ್ಟು ರಕ್ತ ಹೋಗುತ್ತದೆ. ಲ್ಯಾಬಿನಲ್ಲಿ ಅದಕ್ಕೆ ಬಣ್ಣ ಅಂಟಿಸಿದ ಆ್ಯಂಟಿಬಾಡಿ ಹಾಕಿ, ಕಣಗಳನ್ನು ಒಂದೊಂದಾಗಿ ಲೇಸರ್ ಬೆಳಕಿನ ಮುಂದೆ ಹಾಯಿಸಿ ಎಣಿಸುವ ಫ್ಲೋ ಸೈಟೋಮೀಟರ್ ಎಂಬ ಯಂತ್ರವಿದೆ. ಕೊನೆಗೆ ಹಾಳೆಯ ಮೇಲೆ ಒಂದು ಸಾಲು ಬರುತ್ತದೆ: ಸಿಡಿ56 (ಎನ್‌ಕೆ ಕಣದ ಗುರುತು) ಪಾಸಿಟಿವ್, ಇಂತಿಷ್ಟು ಪರ್ಸೆಂಟ್. ಮಿತಿ ದಾಟಿದ್ದರೆ ದಪ್ಪ ಅಕ್ಷರ.

ಆ ಮಿತಿ ಎಷ್ಟು? ಆರೋಗ್ಯವಂತರ ರಕ್ತದ ಲಿಂಫೋಸೈಟ್‌ ಎಂಬ ಬಗೆಯ ಬಿಳಿಕಣಗಳಲ್ಲಿ ಎನ್‌ಕೆ ಪಾಲು ಸಾಮಾನ್ಯವಾಗಿ 5ರಿಂದ 15 ಪರ್ಸೆಂಟ್. ಬಂಜೆತನದ ವಿಷಯಕ್ಕೆ ಬಂದರೆ ಕೆಲವರು 12 ದಾಟಿದರೆ ಹೈ ಅನ್ನುತ್ತಾರೆ, ಕೆಲವರು 18 ಅನ್ನುತ್ತಾರೆ. 14 ಬಂದ ಒಬ್ಬರೇ ಹೆಂಗಸು ಒಂದು ಕಡೆ ರೋಗಿ, ಇನ್ನೊಂದು ಕಡೆ ನಾರ್ಮಲ್. ಸಾಲದ್ದಕ್ಕೆ ಈ ಕಣಗಳು ಅಡ್ರಿನಲಿನ್‌ಗೆ ನಿಮಿಷಗಳಲ್ಲಿ ಸ್ಪಂದಿಸುತ್ತವೆ. ಮೆಟ್ಟಿಲು ಹತ್ತಿ ಓಡಿ ಬಂದು, ಏನಾಗುತ್ತೋ ಅನ್ನುವ ಆತಂಕದಲ್ಲಿ ಕೂತು ರಕ್ತ ಕೊಟ್ಟರೆ ಸಂಖ್ಯೆಯೇ ಬೇರೆ ಬರಬಹುದು. ಐವಿಎಫ್ ಕ್ಲಿನಿಕ್ಕಿಗೆ ಆತಂಕ ಇಲ್ಲದೆ ಬರುವವರು ಯಾರಿದ್ದಾರೆ?

ಇದಕ್ಕಿಂತ ದೊಡ್ಡ ತೊಂದರೆ ಇನ್ನೊಂದು. ರಕ್ತದ ಎನ್‌ಕೆ ಮತ್ತು ಗರ್ಭಕೋಶದ ಎನ್‌ಕೆ ಒಂದೇ ಅಲ್ಲ. ರಕ್ತದಲ್ಲಿ ನೂರಕ್ಕೆ 90ರಷ್ಟು ಕೊಲ್ಲುವುದರಲ್ಲಿ ಪಳಗಿದ ಬಗೆಯವು. ಗರ್ಭಕೋಶದಲ್ಲಿರುವವು ಬೇರೆ ಗುರುತು, ಬೇರೆ ಕೆಲಸ ಇರುವವು. ಕೈಯ ರಕ್ತದಲ್ಲಿ ಎಣಿಸಿ ಗರ್ಭಕೋಶದ ಕಥೆ ಹೇಳಿ ಅದಕ್ಕೆ ಔಷಧಿ ಕೊಡುವುದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ. ಒಳಪದರದ ಚೂರು ತೆಗೆದು ನೋಡುವ ಬಯಾಪ್ಸಿ ಇದೆ. ಜಾಗವಾದರೂ ಸರಿ, ಆದರೆ ಅಲ್ಲಿ ದಿನದಿಂದ ದಿನಕ್ಕೆ ಎಣಿಕೆ ಬದಲಾಗುತ್ತದೆ. ಎರಡು ದಿನ ಆಚೀಚೆ ಆದರೆ ಫಲಿತಾಂಶ ಬೇರೆ.

ಬಿಳಿ ಡ್ರಿಪ್ಪು, ಸಣ್ಣ ಮಾತ್ರೆ

ರಿಪೋರ್ಟ್ 'ಹೈ' ಬಂದ ಮೇಲೆ ಏನು? ಸಾಮಾನ್ಯವಾಗಿ ಇಂಟ್ರಾಲಿಪಿಡ್ ಇಲ್ಲವೇ ಸ್ಟೀರಾಯ್ಡ್, ಒಮ್ಮೊಮ್ಮೆ ಎರಡೂ.

ಇಂಟ್ರಾಲಿಪಿಡ್ ನೋಡಲು ಹಾಲಿನ ಬಾಟಲಿಯಂತೆ. ಒಳಗಿರುವುದು ಸೋಯಾ ಎಣ್ಣೆ, ಮೊಟ್ಟೆಯ ಹಳದಿಯ ಕೊಬ್ಬಿನಂಶ, ಗ್ಲಿಸರಿನ್, ನೀರು. ಬಾಯಲ್ಲಿ ಊಟ ಮಾಡಲಾಗದ ರೋಗಿಗಳಿಗೆ ನರದ ಮೂಲಕ ಕೊಬ್ಬು ಕೊಡಲೆಂದು 1960ರ ದಶಕದಲ್ಲಿ ಸ್ವೀಡನ್ನಿನಲ್ಲಿ ತಯಾರಾದದ್ದು. ಇದು ಎನ್‌ಕೆ ಕಣಗಳ ಕೊಲ್ಲುವ ಶಕ್ತಿ ತಗ್ಗಿಸುತ್ತದೆ ಅಂತ ಲ್ಯಾಬಿನಲ್ಲಿ ಕಂಡಿತು, ಅಲ್ಲಿಂದ ಐವಿಎಫ್‌ಗೆ ಬಂತು. 2016ರಲ್ಲಿ ಈಜಿಪ್ಟಿನ ಸುಮಾರು 300 ಹೆಂಗಸರ ಮೇಲೆ ಒಂದು ಟ್ರಯಲ್ ಪ್ರಕಟವಾಯಿತು. ಗರ್ಭ ನಿಲ್ಲುವುದು ಹೆಚ್ಚುತ್ತದಾ ಅನ್ನುವುದು ಅವರ ಮುಖ್ಯ ಪ್ರಶ್ನೆ. ಅದರಲ್ಲಿ ಗಟ್ಟಿ ವ್ಯತ್ಯಾಸ ಕಾಣಲಿಲ್ಲ. ಆದರೆ ಮಗು ಹುಟ್ಟಿದ ಲೆಕ್ಕದಲ್ಲಿ ಇಂಟ್ರಾಲಿಪಿಡ್ ಗುಂಪು ಮುಂದಿತ್ತು. ಪರವಾಗಿರುವವರು ಎರಡನೆಯದನ್ನು ಹಿಡಿಯುತ್ತಾರೆ, ವಿರೋಧಿಸುವವರು ಮೊದಲನೆಯದನ್ನು. ಒಂದು ಟ್ರಯಲ್ಲಿನಿಂದ ತೀರ್ಮಾನಕ್ಕೆ ಬರಲಾಗದು ಅನ್ನುವುದೇ ಸರಿಯಾದ ಓದು.

ಸ್ಟೀರಾಯ್ಡ್ ವಿಷಯದಲ್ಲಿ ಚಿತ್ರ ಇನ್ನೂ ಸ್ಪಷ್ಟ. 2023ರಲ್ಲಿ ಅಮೆರಿಕದ ವೈದ್ಯಕೀಯ ಪತ್ರಿಕೆ ಜಾಮಾದಲ್ಲಿ ಚೀನಾದ 8 ಕೇಂದ್ರಗಳ ಅಧ್ಯಯನ ಬಂತು. 715 ಹೆಂಗಸರು, ಎಲ್ಲರೂ 38 ವರ್ಷದೊಳಗಿನವರು, ಎಲ್ಲರಿಗೂ ಮುಂಚೆ ಕನಿಷ್ಠ ಎರಡು ಸಲ ಭ್ರೂಣವನ್ನು ಗರ್ಭಕೋಶಕ್ಕೆ ಹಾಕುವ ಟ್ರಾನ್ಸ್‌ಫರ್ ಸೋತಿತ್ತು. ಅರ್ಧ ಮಂದಿಗೆ ದಿನಕ್ಕೆ 10 ಮಿಲಿಗ್ರಾಂ ಪ್ರೆಡ್ನಿಸೋನ್, ಇನ್ನರ್ಧಕ್ಕೆ ಅದರಂತೆಯೇ ಕಾಣುವ ಖಾಲಿ ಮಾತ್ರೆ. ಯಾರಿಗೆ ಯಾವುದು ಅಂತ ಅವರಿಗೂ ಗೊತ್ತಿಲ್ಲ. ಕೊನೆಗೆ ಮಗು ಹುಟ್ಟಿದ್ದು ಸ್ಟೀರಾಯ್ಡ್ ಗುಂಪಿನಲ್ಲಿ ನೂರಕ್ಕೆ 37.8, ಖಾಲಿ ಮಾತ್ರೆಯ ಗುಂಪಿನಲ್ಲಿ 38.8. ಲಾಭ ಇಲ್ಲ. ನಷ್ಟ ಇತ್ತು: ದಿನ ತುಂಬುವ ಮುಂಚೆ ಹೆರಿಗೆಯಾಗಿದ್ದು ಸ್ಟೀರಾಯ್ಡ್ ತೆಗೆದುಕೊಂಡವರಲ್ಲಿ ನೂರಕ್ಕೆ 11.8, ಇನ್ನೊಂದು ಗುಂಪಿನಲ್ಲಿ 5.5. ಟೆಸ್ಟ್ ಪಾಸಿಟಿವ್ ಬಂದು ಸ್ಕ್ಯಾನಿನಲ್ಲಿ ಕಾಣುವ ಮುಂಚೆಯೇ ಹೋದ ಗರ್ಭಗಳೂ ಅವರಲ್ಲೇ ಹೆಚ್ಚು.

ಈ 38.8 ಅನ್ನುವ ಸಂಖ್ಯೆಯ ಹತ್ತಿರ ಸ್ವಲ್ಪ ನಿಲ್ಲೋಣ. ಎರಡು ಸಲ ಸೋತವರಿಗೆ ಏನೂ ಇಲ್ಲದ ಮಾತ್ರೆ ಕೊಟ್ಟರೂ ನೂರರಲ್ಲಿ ಸುಮಾರು 39 ಮಂದಿಗೆ ಮುಂದಿನ ಸಲ ಮಗುವಾಯಿತು. ಅದೇ ಜಾಗದಲ್ಲಿ ಬಿಳಿ ಡ್ರಿಪ್ ಹಾಕಿದ್ದರೆ ಆ 39 ಮಂದಿಯೂ 'ಇಂಟ್ರಾಲಿಪಿಡ್‌ನಿಂದ ನಮಗೆ ಮಗು ಆಯ್ತು' ಅಂತಲೇ ಹೇಳುತ್ತಿದ್ದರು. ಸುಳ್ಳು ಹೇಳುತ್ತಿರಲಿಲ್ಲ, ಹಾಗೇ ನಂಬುತ್ತಿದ್ದರು. ಉಳಿದ 61 ಮಂದಿ ಯಾರಿಗೂ ಏನೂ ಹೇಳದೆ ಸುಮ್ನೆ ಆಗುತ್ತಿದ್ದರು. ಕಾಗೆ ಕೂತಿದ್ದಕ್ಕೂ ಟೊಂಗೆ ಮುರಿದಿದ್ದಕ್ಕೂ ಸಂಬಂಧ ಇದೆಯೋ ಇಲ್ಲವೋ ತಿಳಿಯಲು ಕಾಗೆ ಕೂರದ ಟೊಂಗೆಯನ್ನೂ ನೋಡಬೇಕು. ಖಾಲಿ ಮಾತ್ರೆಯ ಗುಂಪು ಇರುವುದು ಅದಕ್ಕೇ.

ಇನ್ನೊಂದು ಹಳೆಯ ಚಿಕಿತ್ಸೆ ಇದೆ, ಎಲ್‌ಐಟಿ ಅಂತ. ಗಂಡನ ರಕ್ತದಿಂದ ಬಿಳಿಕಣ ತೆಗೆದು ಹೆಂಡತಿಗೆ ಚುಚ್ಚುವುದು. ಆಕೆಯ ಮೈ ಗಂಡನ ಅಂಶಕ್ಕೆ ಒಗ್ಗಲಿ ಅನ್ನುವ ಲೆಕ್ಕ. ಮತ್ತೆ ಮತ್ತೆ ಗರ್ಭಪಾತವಾದವರ ಮೇಲೆ 1999ರಲ್ಲಿ ಲ್ಯಾನ್ಸೆಟ್‌ನಲ್ಲಿ ಬಂದ ಟ್ರಯಲ್ ಪ್ರಕಾರ, ಬಸಿರಾದವರಲ್ಲಿ ಗರ್ಭ ಉಳಿದಿದ್ದು ಈ ಚಿಕಿತ್ಸೆ ಪಡೆದವರಲ್ಲಿ ನೂರಕ್ಕೆ 46, ಬರೀ ಸಲೈನ್ ಪಡೆದವರಲ್ಲಿ 65. ಹೌದು, ಚಿಕಿತ್ಸೆ ಪಡೆದವರಿಗೇ ಕಡಿಮೆ. 2002ರಲ್ಲಿ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ, ಅನುಮತಿ ಪಡೆದ ಪ್ರಯೋಗದ ಹೊರಗೆ ಇದನ್ನು ಕೊಡುವಂತಿಲ್ಲ ಅಂದಿತು.

ಪರ ಇರುವವರ ಮಾತಿನಲ್ಲೂ ಹುರುಳಿದೆ

ಇಮ್ಯೂನ್ ಚಿಕಿತ್ಸೆ ಕೊಡುವವರೆಲ್ಲ ದುಡ್ಡಿಗಾಗಿ ಕೊಡುತ್ತಾರೆ ಅನ್ನುವುದು ಅನ್ಯಾಯದ ಮಾತು. ಅವರ ವಾದ ಹೀಗಿದೆ: ನೀವು ಸೋತವರನ್ನೆಲ್ಲ ಒಂದೇ ಗುಂಪಿಗೆ ಹಾಕಿ ಸ್ಟೀರಾಯ್ಡ್ ಕೊಟ್ಟಿರಿ, ಇಮ್ಯೂನ್ ತೊಂದರೆ ಇದ್ದವರನ್ನು ಆರಿಸಲೇ ಇಲ್ಲ. ಕಬ್ಬಿಣದ ಮಾತ್ರೆಯನ್ನು ರಕ್ತಹೀನತೆ ಇಲ್ಲದವರಿಗೂ ಕೊಟ್ಟರೆ ಲಾಭ ಕಾಣುತ್ತದಾ? ಒಳಪದರದಲ್ಲಿ ಎನ್‌ಕೆ ಹೆಚ್ಚಿದ್ದವರನ್ನೇ ಆರಿಸಿ 2013ರಲ್ಲಿ ಇಂಗ್ಲೆಂಡಿನಲ್ಲಿ ಮಾಡಿದ 40 ಜನರ ಸಣ್ಣ ಅಧ್ಯಯನದಲ್ಲಿ ಸ್ಟೀರಾಯ್ಡ್ ಪಡೆದ 20ರಲ್ಲಿ 12 ಮಂದಿಗೆ, ಪಡೆಯದ 20ರಲ್ಲಿ 8 ಮಂದಿಗೆ ಮಗುವಾಯಿತು.

ವಾದ ತರ್ಕಕ್ಕೆ ಕೂರುತ್ತದೆ. ಆದರೆ 12 ಮತ್ತು 8ರ ಅಂತರ ಅದೃಷ್ಟದಿಂದಲೂ ಬರಬಹುದು, ಅಷ್ಟು ಚಿಕ್ಕ ಗುಂಪು ಅದು. ಮೇಲಾಗಿ, 'ಸರಿಯಾದವರನ್ನು ಆರಿಸಿ' ಅನ್ನಬೇಕಾದರೆ ಆರಿಸಲು ನಂಬಬಹುದಾದ ಟೆಸ್ಟ್ ಬೇಕು. ಅದೇ ಇನ್ನೂ ಇಲ್ಲ. ಆರಿಸುವ ಟೆಸ್ಟ್ ಇಲ್ಲದೆಯೇ ಚಿಕಿತ್ಸೆ ಮಾರುಕಟ್ಟೆಗೆ ಬಂದಿದೆ. ನನ್ನ ತಕರಾರು ಇಲ್ಲಿ. ಪ್ರಯೋಗ ಅಂದಮೇಲೆ ಪ್ರಯೋಗದ ಹಾಗೆ ನಡೆಯಲಿ: ಒಪ್ಪಿಗೆ ಪತ್ರ, ಹೋಲಿಕೆಯ ಗುಂಪು, ಮತ್ತು ಖರ್ಚು ರೋಗಿಯದ್ದಲ್ಲ.

ಯುರೋಪಿನ ಬಂಜೆತನ ತಜ್ಞರ ಸಂಘ ಎಶ್ರೆ 2023ರಲ್ಲಿ ಹೇಳಿದ್ದೂ ಇದಕ್ಕೆ ಹತ್ತಿರವೇ. ರಕ್ತದ ಎನ್‌ಕೆ ಟೆಸ್ಟ್, ಇಂಟ್ರಾಲಿಪಿಡ್, ಸ್ಟೀರಾಯ್ಡ್, ಐವಿಐಜಿ (ದಾನಿಗಳ ರಕ್ತದಿಂದ ತೆಗೆದ ಆ್ಯಂಟಿಬಾಡಿಗಳ ಡ್ರಿಪ್) ಇವ್ಯಾವನ್ನೂ ಮಾಮೂಲಿಯಾಗಿ ಕೊಡುವುದು ಬೇಡ ಅಂದಿತು. ಬ್ರಿಟನ್ನಿನಲ್ಲಿ ಐವಿಎಫ್ ಕ್ಲಿನಿಕ್ಕುಗಳ ಮೇಲೆ ನಿಗಾ ಇಡುವ ಸಂಸ್ಥೆ ಎಚ್‌ಎಫ್‌ಇಎ, ಐವಿಎಫ್‌ನ ಹೆಚ್ಚುವರಿ ಚಿಕಿತ್ಸೆಗಳಿಗೆ ಪುರಾವೆ ನೋಡಿ ಬಣ್ಣ ಕೊಡುತ್ತದೆ. ಇಮ್ಯೂನ್ ಚಿಕಿತ್ಸೆಗಳಿಗೆ ಅದು ಕೊಟ್ಟಿದ್ದು ಕೆಂಪು.

ಒಂದು ಮಾತ್ರ ಗಟ್ಟಿ

ಇದೆಲ್ಲ ಓದಿ 'ಇಮ್ಯೂನ್ ಅನ್ನುವುದೇ ಬೊಗಳೆ' ಅಂದುಕೊಂಡರೆ ಇನ್ನೊಂದು ತಪ್ಪಾಗುತ್ತದೆ. ಆ್ಯಂಟಿಫಾಸ್ಫೋಲಿಪಿಡ್ ಸಿಂಡ್ರೋಮ್ ಅಂತ ಒಂದಿದೆ, ಡಾಕ್ಟರುಗಳು ಎಪಿಎಸ್ ಅನ್ನುತ್ತಾರೆ. ಇಲ್ಲಿ ಮೈ ತಯಾರಿಸುವ ಕೆಲವು ಆ್ಯಂಟಿಬಾಡಿಗಳು ರಕ್ತ ಹೆಪ್ಪುಗಟ್ಟಿಸುತ್ತವೆ, ಮಾಸನ್ನು ಕೆಡಿಸುತ್ತವೆ, ಗರ್ಭ ಮತ್ತೆ ಮತ್ತೆ ಹೋಗುತ್ತದೆ. ಇದಕ್ಕೆ ಒಪ್ಪಿತ ಟೆಸ್ಟ್ ಇದೆ. ಒಂದು ಸಲ ಪಾಸಿಟಿವ್ ಬಂದರೆ ಸಾಲದು, 12 ವಾರ ಬಿಟ್ಟು ಮತ್ತೆ ಮಾಡಿ ಖಚಿತಪಡಿಸಬೇಕು. ಚಿಕಿತ್ಸೆಯೂ ಇದೆ, ಆಸ್ಪಿರಿನ್ ಮತ್ತು ಹೆಪಾರಿನ್. ಗರ್ಭ ಮತ್ತೆ ಮತ್ತೆ ಹೋಗುತ್ತಿರುವವರು ಈ ಟೆಸ್ಟ್ ಮಾಡಿಸಲೇಬೇಕು. ಒಂದೇ ಸಾಲಿನಲ್ಲಿ ಎನ್‌ಕೆ ಮತ್ತು ಎಪಿಎಸ್ ಎರಡನ್ನೂ ಬರೆದುಕೊಟ್ಟಾಗ ಎರಡಕ್ಕೂ ಒಂದೇ ತೂಕ ಅನ್ನಿಸಿಬಿಡುತ್ತದೆ. ಹಾಗಿಲ್ಲ.

ನಮ್ಮಲ್ಲಿ ಇದರ ಬಿಸಿ ಯಾರಿಗೆ

ಭಾರತದಲ್ಲಿ ಎರಡು ವಿಷಯ ಸೇರಿ ಅಪಾಯ ಸ್ವಲ್ಪ ಬೇರೆ ಆಗುತ್ತದೆ. ಒಂದು, ಸಕ್ಕರೆ. ನಮ್ಮ ಹೆಂಗಸರಲ್ಲಿ ಬಸಿರಿನ ಡಯಾಬಿಟಿಸ್ ಮೊದಲೇ ಹೆಚ್ಚು, ಸ್ಟೀರಾಯ್ಡ್ ಸಕ್ಕರೆ ಏರಿಸುತ್ತದೆ. ಎರಡು, ಟಿಬಿ. ಗರ್ಭಕೋಶ ಮತ್ತು ಅಂಡನಾಳದ ಟಿಬಿ ನಮ್ಮಲ್ಲಿ ಬಂಜೆತನದ ಗೊತ್ತಿರುವ ಕಾರಣಗಳಲ್ಲೊಂದು, ಎಷ್ಟೋ ಸಲ ಯಾವ ಲಕ್ಷಣವೂ ತೋರಿಸದೆ ಕೂತಿರುತ್ತದೆ. ಅದನ್ನು ನೋಡದೆ ಇಮ್ಯೂನಿಟಿ ತಗ್ಗಿಸಿದರೆ ಮಲಗಿದ್ದ ರೋಗ ಎದ್ದು ಕೂರಬಹುದು. ಯುರೋಪಿನ ಡಾಕ್ಟರಿಗೆ ಅಷ್ಟಾಗಿ ಕಾಡದ ಚಿಂತೆ ಇದು, ಕಲಬುರಗಿಯ ಡಾಕ್ಟರಿಗೆ ಇರಲೇಬೇಕಾದದ್ದು.

ದುಡ್ಡಿನ ವಿಷಯ ಹೇಳುವುದೇ ಬೇಡ. ಹೆಚ್ಚಿನ ಆರೋಗ್ಯ ವಿಮೆಗಳು ಬಂಜೆತನದ ಚಿಕಿತ್ಸೆಯನ್ನು ಹೊರಗಿಟ್ಟಿರುತ್ತವೆ. ಒಡವೆ ಅಡವಿಟ್ಟು ಮೂರನೇ ಸೈಕಲ್‌ಗೆ ಬಂದವರಿಗೆ 'ಇದೊಂದು ಹಾಕಿ ನೋಡೋಣ' ಅಂದರೆ ಬೇಡ ಅನ್ನುವ ಧೈರ್ಯ ಎಲ್ಲಿಂದ ಬರಬೇಕು? ಜೊತೆಗೆ 'ನಿನ್ನ ಮೈಯೇ ಮಗುವನ್ನು ಕೊಲ್ಲುತ್ತಿದೆ' ಅನ್ನುವ ಅರ್ಥದ ರಿಪೋರ್ಟ್ ಮನೆಗೆ ಹೋದರೆ, ಮೊದಲೇ ಹೆಂಗಸಿನ ಕಡೆ ಬೆರಳು ತೋರಿಸುವ ಮನೆಗಳಲ್ಲಿ ಏನಾಗುತ್ತದೆ ಅಂತ ಬಿಡಿಸಿ ಹೇಳಬೇಕಿಲ್ಲ.

ಕಾನೂನು ಏನನ್ನುತ್ತದೆ? ಸಂತಾನೋತ್ಪತ್ತಿ ತಂತ್ರಜ್ಞಾನದ ಎಆರ್‌ಟಿ ಕಾಯ್ದೆ 2021ರಲ್ಲಿ ಬಂತು, 2022ರ ಜನವರಿಯಲ್ಲಿ ಜಾರಿಯಾಯಿತು. ಕ್ಲಿನಿಕ್ ನೋಂದಣಿ, ದಾನಿಗಳ ನಿಯಮ, ವಯಸ್ಸಿನ ಮಿತಿ ಎಲ್ಲ ಅದರಲ್ಲಿದೆ. ಬ್ರಿಟನ್ನಿನಂತೆ ಯಾವ ಹೆಚ್ಚುವರಿ ಚಿಕಿತ್ಸೆಗೆ ಎಷ್ಟು ಪುರಾವೆ ಇದೆ ಅಂತ ಜನರಿಗೆ ತೋರಿಸುವ ಪಟ್ಟಿ ನಮ್ಮಲ್ಲಿಲ್ಲ. ಆದರೆ ಆ ಕಾಯ್ದೆಯಲ್ಲಿ ಜನ ಅಷ್ಟಾಗಿ ಗಮನಿಸದ ಒಂದು ಅಂಶ ಇದೆ: ಚಿಕಿತ್ಸೆಯ ಯಶಸ್ಸಿನ ಸಾಧ್ಯತೆ, ಲಾಭ, ನಷ್ಟ, ಖರ್ಚು, ಅಡ್ಡಪರಿಣಾಮ ಇವನ್ನೆಲ್ಲ ದಂಪತಿಗೆ ತಿಳಿಸಿ ಹೇಳುವುದು ಕ್ಲಿನಿಕ್ಕಿನ ಕರ್ತವ್ಯ. ಅಂದಮೇಲೆ ಎನ್‌ಕೆ ಟೆಸ್ಟಿನ ಚೀಟಿ ಕೈಗೆ ಬಂದಾಗ 'ಡಾಕ್ಟ್ರೇ, ಇದರಲ್ಲಿ ಜಾಸ್ತಿ ಬಂದರೆ ಏನು ಮಾಡ್ತೀರಿ, ಅದನ್ನು ಮಾಡಿದವರಿಗೂ ಮಾಡದವರಿಗೂ ಮಗುವಾಗೋದರಲ್ಲಿ ಎಷ್ಟು ವ್ಯತ್ಯಾಸ ಬಂದಿದೆ' ಅಂತ ಕೇಳುವುದು ಅಧಿಕಪ್ರಸಂಗ ಅಲ್ಲ. ರಕ್ತ ಕೊಡುವ ಮುಂಚೆಯೇ ಕೇಳಿದರೆ ಉತ್ತಮ. ಸಂಖ್ಯೆ ಬಂದ ಮೇಲೆ ಆ ದಪ್ಪ ಅಕ್ಷರದ ಮುಂದೆ ಕೂತು ಪ್ರಶ್ನೆ ಕೇಳುವುದು ತುಂಬಾ ಕಷ್ಟ.